ನಿಂತರೆ ಚಳಿ

ಇನ್ನೂರು ಕಿಲೋಮೀಟರ್ ಸೈಕಲ್ ತುಳಿಯುವ ಆಸೆಯಿದ್ದವರು ಅದಕ್ಕೆ ಜನವರಿಯನ್ನೇ ಯಾಕೆ ಆರಿಸಿಕೊಳ್ಳಬೇಕು? ಅದೂ ಇಂಗ್ಲೆಂಡಿನ ಜನವರಿ. ಎಂಟು ಗಂಟೆಯಾದರೂ ಸರಿಯಾಗಿ ಬೆಳಗಾಗಿರುವುದಿಲ್ಲ, ಸಂಜೆ ನಾಲ್ಕಕ್ಕೆಲ್ಲ ಕತ್ತಲು, ನಡುವೆ ಸಿಕ್ಕ ಬೆಳಕಿನಲ್ಲೂ ಮಳೆಯೋ ಮಂಜೋ ಗಾಳಿಯೋ ಯಾವುದಾದರೊಂದು ಹಾಜರು. ಕಾರಣ ಒಂದು ಬಿರುದು. 1976ರಲ್ಲಿ ಶುರುವಾದ ಆಡಾಕ್ಸ್ ಯುಕೆ ಎಂಬ ದೂರಸವಾರರ ಸಂಸ್ಥೆ, ಸತತ ಹನ್ನೆರಡು ತಿಂಗಳು, ತಿಂಗಳಿಗೊಂದರಂತೆ ಕನಿಷ್ಠ 200 ಕಿ.ಮೀ. ಸವಾರಿ ಮುಗಿಸಿದವರನ್ನು ‘ರ‍್ಯಾಂಡನರ್ ರೌಂಡ್ ದ ಇಯರ್’ ಎಂದು ಗುರುತಿಸುತ್ತದೆ. ಜೂನ್ ಜುಲೈಯಲ್ಲಿ ಯಾರು ಬೇಕಾದರೂ ತುಳಿದಾರು. ಬಿರುದು ಕೈತಪ್ಪುವುದು ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ. ಹಾಗಾಗಿ ಆ ಮೂರು ತಿಂಗಳಲ್ಲೂ ಯಾರಾದರೊಬ್ಬರು ಸವಾರಿ ಏರ್ಪಡಿಸಲೇಬೇಕು, ಮಿಕ್ಕವರು ಹೊರಡಲೇಬೇಕು.

ಇದೊಂದೇ ಅಲ್ಲ. ಸೈಕಲ್ ಉಡುಪು ಮಾರುವ ರಾಫಾ ಕಂಪನಿ 2010ರಿಂದ ‘ಫೆಸ್ಟಿವ್ 500’ ಎಂಬ ಸವಾಲು ನಡೆಸುತ್ತಿದೆ. ಕ್ರಿಸ್‌ಮಸ್ ಹಿಂದಿನ ದಿನದಿಂದ ವರ್ಷದ ಕೊನೆಯ ದಿನದವರೆಗೆ ಎಂಟು ದಿನ, 500 ಕಿ.ಮೀ. ಇವಲ್ಲದೆ ಆಸ್ಪತ್ರೆಗೋ ಅನಾಥ ಮಕ್ಕಳಿಗೋ ಹಣ ಕೂಡಿಸಲು ಗೆಳೆಯರು, ಕಚೇರಿಯವರು ಗುಂಪುಕಟ್ಟಿ ಹೊರಡುವ ದೂರದ ಸವಾರಿಗಳು ಬೇರೆ. ಹಣ ಕೊಡುವವರ ಮನಸ್ಸು ಕರಗಬೇಕಾದರೆ ಸವಾರಿ ಕಷ್ಟದ್ದಾಗಿರಬೇಕು, ಕಷ್ಟದ್ದೆಂದರೆ ಚಳಿಯಲ್ಲೇ ಆಗಬೇಕು ಎಂಬ ಲೆಕ್ಕ ಇಲ್ಲಿ ಕೆಲಸ ಮಾಡುತ್ತದೆ. ತುಳಿಯುವವರ ಸಾಹಸದ ಕಥೆಗಳು ಬೇಕಾದಷ್ಟಿವೆ. ನನಗೆ ಕುತೂಹಲ ತುಳಿಸುವವರ ಮೇಲೆ. ಮೂವತ್ತು ನಲವತ್ತು ಜನರನ್ನು ಇಂಥ ಹವೆಯಲ್ಲಿ ರಸ್ತೆಗಿಳಿಸಿ, ಅಷ್ಟೂ ಜನರನ್ನು ಮನೆಗೆ ತಲುಪಿಸುವ ಜವಾಬ್ದಾರಿ ಹೊರುವವರು, ಹೆಚ್ಚಿನಂಶ ಸಂಬಳವಿಲ್ಲದ ಸ್ವಯಂಸೇವಕರು.

ಮೊದಲು ಗಡಿಯಾರದ ಲೆಕ್ಕ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಪಾರಿಸಿಯನ್ ಜಗತ್ತಿನಾದ್ಯಂತ ಮಾನ್ಯ ಮಾಡುವ, ಬ್ರೆವೆ ಎಂದು ಕರೆಯುವ ದೂರಸವಾರಿಗಳಿಗೆ ನಿಗದಿಯಾದ ಕಾಲಮಿತಿಯಿದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಊಟ, ಪಂಕ್ಚರ್, ದಾರಿ ತಪ್ಪಿದ್ದು, ಮರದಡಿ ನಿಂತಿದ್ದು ಎಲ್ಲ ಅದರಲ್ಲೇ. ತುಳಿಯುವ ವೇಗ ಗಂಟೆಗೆ 20 ಕಿ.ಮೀ. ಇದ್ದರೆ ರಸ್ತೆಯ ಮೇಲೆ ಹತ್ತು ಗಂಟೆ ಹೋಗುತ್ತದೆ, ಮೂರೂವರೆ ಗಂಟೆ ಕೈಯಲ್ಲಿ ಉಳಿಯುತ್ತದೆ. ಎದುರುಗಾಳಿ, ಒದ್ದೆ ರಸ್ತೆ, ದಪ್ಪ ಬಟ್ಟೆ ಸೇರಿ ವೇಗ 18ಕ್ಕೆ ಇಳಿಯಿತೆನ್ನಿ, ಉಳಿತಾಯ ಎರಡು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿಗೆ ಬರುತ್ತದೆ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಗೂ ಕಡಿಮೆ, ಎಡಿನ್‌ಬರೋದಲ್ಲಿ ಏಳು. ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುವ ಬೆಂಗಳೂರಿನಿಂದ ಹೋದವರಿಗೆ ಇದು ನಕ್ಷೆಯಲ್ಲಿ ಕಾಣುವುದಿಲ್ಲ, ಅಲ್ಲಿ ಹೋಗಿ ತುಳಿದಾಗಲೇ ಗೊತ್ತಾಗುವುದು. 200 ಕಿ.ಮೀ. ಸವಾರಿಯ ಮೂರನೇ ಒಂದು ಪಾಲಾದರೂ ಕತ್ತಲಲ್ಲಿ. ಅದೂ ದಣಿದ ಮೇಲಿನ ಪಾಲು.

ಆದರೆ ಚಳಿಗಾಲದ ಸವಾರಿ ಕೆಡುವುದು ಸಾಮಾನ್ಯವಾಗಿ ತುಳಿಯುವಾಗಲ್ಲ. ನಿಂತಾಗ.

ಮೈಯ ಯಂತ್ರ ತೀರಾ ಪೋಲಿನದು. ತಿಂದ ಅನ್ನದ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪಾಲು ಮಾತ್ರ, ಮಿಕ್ಕಿದ್ದೆಲ್ಲ ಶಾಖ. ಪೆಡಲಿನಲ್ಲಿ 150 ವ್ಯಾಟ್ ಹಾಕುತ್ತಿರುವ ಸವಾರನ ಮೈಯೊಳಗೆ ಅದರ ಮೂರು ನಾಲ್ಕು ಪಟ್ಟು ಶಾಖ ಹುಟ್ಟುತ್ತಿರುತ್ತದೆ. ಹಾಗಾಗಿ ಸೊನ್ನೆ ಡಿಗ್ರಿಯಲ್ಲೂ ತುಳಿಯುವವರಿಗೆ ಬೆವರು. ಬ್ರೇಕ್ ಹಿಡಿದು ಕೆಳಗಿಳಿದೊಡನೆ ಹಂಡೆಯ ಕೆಳಗಿನ ಬೆಂಕಿಯನ್ನು ಎಳೆದುಹಾಕಿದಂತೆ. ಮೈಯ ಉತ್ಪತ್ತಿ ನೂರು ವ್ಯಾಟಿನ ಹತ್ತಿರಕ್ಕೆ ಕುಸಿಯುತ್ತದೆ, ಆದರೆ ಬೆವರಿಗೋ ಮಳೆಗೋ ನೆನೆದ ಬಟ್ಟೆ ಮೈಗಂಟಿಕೊಂಡೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಗಾಳಿಯ ಕೈವಾಡ ಬೇರೆ. ಉಷ್ಣಾಂಶ 5 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಸೊನ್ನೆಯಂತೆ. ಸೊನ್ನೆಯೇ ಇದ್ದರೆ ಮೈನಸ್ ಆರಂತೆ.

ಬೇಸಿಗೆಯ ಗುಂಪುಸವಾರಿಯಲ್ಲಿ ಕಾಯುವುದೆಂದರೆ ವಿಶ್ರಾಂತಿ. ಹಿಂದುಳಿದವರು ಬರುವವರೆಗೆ ಹುಲ್ಲಿನ ಮೇಲೆ ಕಾಲು ಚಾಚಿ ಬಾಳೆಹಣ್ಣು ತಿನ್ನಬಹುದು. ಚಳಿಗಾಲದಲ್ಲಿ ಅದೇ ಕಾಯುವಿಕೆ ಶಿಕ್ಷೆ, ಕೆಲವೊಮ್ಮೆ ಅಪಾಯ. ಒಬ್ಬರ ಟೈರಿಗೆ ಮುಳ್ಳು ಚುಚ್ಚಿದರೆ ಹನ್ನೆರಡು ಜನ ನಡುಗುತ್ತ ನಿಲ್ಲುತ್ತಾರೆ. ಮರಗಟ್ಟಿದ ಬೆರಳಿಂದ ಟ್ಯೂಬ್ ಬದಲಿಸಲು ಬೇಸಿಗೆಯ ಎರಡರಷ್ಟು ಹೊತ್ತು. ಮತ್ತೆ ಹೊರಟಾಗ ಎಲ್ಲರ ಕಾಲೂ ಕಟ್ಟಿಗೆಯಾಗಿರುವುದರಿಂದ ಗುಂಪು ನಿಧಾನವಾಗುತ್ತದೆ, ಹಿಂದಿನವರು ಇನ್ನಷ್ಟು ಹಿಂದುಳಿಯುತ್ತಾರೆ, ಮುಂದಿನ ತಿರುವಿನಲ್ಲಿ ಇನ್ನೊಮ್ಮೆ ಕಾಯುವುದು. ಗುಂಪಿನ ಅತಿ ಗಟ್ಟಿ ಸವಾರ ಅತಿ ಹೆಚ್ಚು ಹೊತ್ತು ಕಾಯುವವನಾದ್ದರಿಂದ ಅತಿ ಹೆಚ್ಚು ಚಳಿ ತಿನ್ನುವವನೂ ಅವನೇ. ಚಳಿಗಾಲದಲ್ಲಿ ಗುಂಪನ್ನು ಸಂಘಟಿಸುವುದೆಂದರೆ ಈ ಕಾಯುವಿಕೆಯನ್ನು ಸಂಘಟಿಸುವುದು ಎಂದೇ ನನ್ನ ವಾದ. ನಕ್ಷೆ, ಉಡುಪು, ತಿಂಡಿ, ಬೆಂಗಾವಲು ವ್ಯಾನು ಎಲ್ಲವನ್ನೂ ಈ ಒಂದು ಮೂಲೆಯಿಂದ ನೋಡಿದರೆ ಯಾವುದು ಮುಖ್ಯ, ಯಾವುದು ಶೋಕಿ ಎಂಬುದು ತಾನಾಗಿ ಬೇರೆಯಾಗುತ್ತದೆ.

ಗುಂಪಾಗಿ ಹೋಗಬೇಕೋ ಬಿಡಿಬಿಡಿಯಾಗಿಯೋ ಎಂಬ ಜಗಳ ಈ ಆಟದಷ್ಟೇ ಹಳೆಯದು. 1897ರ ಜೂನ್‌ನಲ್ಲಿ ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗಿನ ಸುಮಾರು 230 ಕಿ.ಮೀ. ದಾರಿಯನ್ನು ಒಂದೇ ಹಗಲಲ್ಲಿ ಮುಗಿಸಿದ್ದು ಈ ಆಟದ ಮೂಲ. ಟೂರ್ ಡಿ ಫ್ರಾನ್ಸ್ ಹುಟ್ಟಿಸಿದ ಆಂರಿ ದೆಗ್ರಾಂಜ್ 1904ರಲ್ಲಿ ಅದನ್ನು ಫ್ರಾನ್ಸಿಗೆ ತಂದಾಗ ನಿಯಮ ಕಟ್ಟುನಿಟ್ಟಾಗಿತ್ತು. ಮುಂದೆ ಒಬ್ಬ ದಾರಿನಾಯಕ, ಅವನ ವೇಗವೇ ಎಲ್ಲರ ವೇಗ, ಅವನನ್ನು ದಾಟುವಂತಿಲ್ಲ, ಊಟಕ್ಕೆ ನಿಲ್ಲುವುದೂ ಏಳುವುದೂ ಒಟ್ಟಿಗೆ. 1921ರಲ್ಲಿ ಇದು ಒಡೆಯಿತು. ಆಡಾಕ್ಸ್ ಕ್ಲಬ್ ಪಾರಿಸಿಯನ್ ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಹೋಗುವ ಮುಕ್ತ ಪದ್ಧತಿಯನ್ನು ಹಿಡಿಯಿತು. ಇವತ್ತು ಬೆಂಗಳೂರಿನಲ್ಲೂ ಬ್ರಿಸ್ಟಲ್‌ನಲ್ಲೂ ನಡೆಯುವ ಬ್ರೆವೆಗಳು ಆ ಮುಕ್ತ ಪದ್ಧತಿಯವು. ದಾರಿನಾಯಕನ ಹಳೆಯ ಪದ್ಧತಿಯನ್ನು ಫ್ರಾನ್ಸಿನಲ್ಲಿ ಈಗಲೂ ಉಳಿಸಿಕೊಂಡವರಿದ್ದಾರೆ, ಸಮತಟ್ಟಿನಲ್ಲಿ ಗಂಟೆಗೆ 22.5 ಕಿ.ಮೀ. ವೇಗದಲ್ಲಿ.

ಚಳಿಗಾಲಕ್ಕೆ ಎರಡೂ ಪೂರ್ತಿ ಹೊಂದುವುದಿಲ್ಲ. ಮುಕ್ತ ಪದ್ಧತಿಯಲ್ಲಿ ಯಾರೂ ಯಾರಿಗೂ ಕಾಯಬೇಕಿಲ್ಲ, ನಿಜ. ಆದರೆ ಸಂಜೆ ಆರರ ಕತ್ತಲಲ್ಲಿ ಒಬ್ಬಂಟಿ ಸವಾರ ಜಾರಿಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಲವತ್ತು ಜನರ ಒಂದೇ ಹಿಂಡಾದರೆ ದಿನವಿಡೀ ಯಾರದೋ ಪಂಕ್ಚರ್, ಇನ್ಯಾರದೋ ಮೂತ್ರ, ಮತ್ಯಾರದೋ ಕಳಚಿದ ಚೈನು. ಅನುಭವವುಳ್ಳ ಸಂಘಟಕರು ಹಿಡಿಯುವ ದಾರಿ ನಾಲ್ಕರಿಂದ ಆರು ಜನರ ಸಣ್ಣ ತಂಡಗಳು. ವೇಗ ಹೊಂದುವವರನ್ನೇ ಕೂಡಿಸಬೇಕು, ಸ್ನೇಹ ನೋಡಿ ಕೂಡಿಸಿದರೆ ಕೆಟ್ಟಿತು. ಗಂಡ ಹೆಂಡತಿ ಒಂದೇ ತಂಡದಲ್ಲಿರಬೇಕೆಂದು ಹಟ ಹಿಡಿದಾಗ ಸಂಘಟಕ ನಗುತ್ತಲೇ ಇಲ್ಲವೆನ್ನಲು ಕಲಿಯಬೇಕು. ಇನ್ನೊಂದು ಸೂಕ್ಷ್ಮ: ‘ನಿಮ್ಮ ವೇಗ ಎಷ್ಟು’ ಎಂದು ಕೇಳಿದರೆ ಬರುವುದು ಬೇಸಿಗೆಯ ಉತ್ತರ, ಅದೂ ಒಳ್ಳೆಯ ದಿನದ ಉತ್ತರ. ‘ಹಿಂದಿನ ತಿಂಗಳು ತುಳಿದ ಅತಿ ದೂರದ ಸವಾರಿಗೆ ಒಟ್ಟು ಎಷ್ಟು ಹೊತ್ತು ಹಿಡಿಯಿತು’ ಎಂದು ಕೇಳಬೇಕು. ತಂಡಗಳನ್ನು ಹತ್ತು ಹದಿನೈದು ನಿಮಿಷಗಳ ಅಂತರದಲ್ಲಿ, ನಿಧಾನದವರನ್ನು ಮೊದಲು ಬಿಡುವುದು ಒಳ್ಳೆಯದು. ಆಗ ಹಿಂದಿನಿಂದ ಯಾವಾಗಲೂ ಯಾರೋ ಬರುತ್ತಿರುತ್ತಾರೆ, ಅತಿ ನಿಧಾನದ ತಂಡದ ಬೆನ್ನಿಗೂ ಜನರಿರುತ್ತಾರೆ.

ದಾರಿಯ ಆಯ್ಕೆಯಲ್ಲಿ ಬ್ರಿಟನ್ನಿನ ಸಂಘಟಕರಿಗೆ ಒಂದು ಇಕ್ಕಟ್ಟಿದೆ. ಬೇಸಿಗೆಯಲ್ಲಿ ಸೈಕಲ್ಲಿಗೆ ಹೇಳಿ ಮಾಡಿಸಿದಂಥವು ಅಲ್ಲಿನ ಕಿರಿದಾದ ಹಳ್ಳಿರಸ್ತೆಗಳು: ಎರಡೂ ಬದಿ ಬೇಲಿ, ವಾಹನ ಅಪರೂಪ. ಹಿಮಗಟ್ಟುವ ರಾತ್ರಿಗಳಲ್ಲಿ ಸ್ಥಳೀಯ ಆಡಳಿತದ ಲಾರಿಗಳು ಉಪ್ಪು ಚೆಲ್ಲುವುದು ಮಾತ್ರ ದೊಡ್ಡ ರಸ್ತೆಗಳಿಗೆ. ಉಪ್ಪು ಬಿದ್ದಲ್ಲಿ ನೀರು ಸೊನ್ನೆಗಿಂತ ಕೆಳಗೂ ಗಟ್ಟಿಯಾಗುವುದಿಲ್ಲ, ಉಷ್ಣಾಂಶ ಮೈನಸ್ ಹತ್ತರ ಹತ್ತಿರ ಇಳಿದಾಗ ಅದರ ಶಕ್ತಿ ಕುಂದುತ್ತದೆ. ಹಳ್ಳಿರಸ್ತೆಯಲ್ಲಿ ಲಾರಿ ಇಲ್ಲ, ಆದರೆ ಕಣ್ಣಿಗೆ ಬೀಳದ ತೆಳು ಪದರದ ‘ಬ್ಲ್ಯಾಕ್ ಐಸ್’ ಇದೆ. ಹೆದ್ದಾರಿಯಲ್ಲಿ ಐಸ್ ಇಲ್ಲ, ಲಾರಿಗಳ ಸಾಲಿದೆ. ಹವಾಮಾನ ವರದಿಯ ‘3 ಡಿಗ್ರಿ’ಯನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ಅದು ನೆಲದಿಂದ ಮೇಲಿನ ಗಾಳಿಯ ಉಷ್ಣಾಂಶ. ಮೋಡವಿಲ್ಲದ ರಾತ್ರಿ ರಸ್ತೆಯ ಮೈ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ಸೊನ್ನೆಗಿಂತ ಕೆಳಗಿಳಿದಿರುತ್ತದೆ. ಹೊಲದ ನೀರು ರಸ್ತೆಗೆ ಹರಿಯುವ ತಗ್ಗುಗಳಲ್ಲಿ, ಬಿಸಿಲು ಬೀಳದ ಮರದ ನೆರಳಿನಲ್ಲಿ, ಸೇತುವೆಗಳ ಮೇಲೆ ಮಧ್ಯಾಹ್ನದವರೆಗೂ ಐಸ್ ಕರಗುವುದಿಲ್ಲ. ಗುಂಪಿನಲ್ಲಿ ಮುಂದಿನವನೊಬ್ಬ ಜಾರಿದರೆ ಹಿಂದಿನ ಮೂವರೂ ಅವನ ಮೇಲೆ.

ಆದ್ದರಿಂದ ಒಂದೇ ಸವಾರಿಗೆ ಎರಡು ನಕ್ಷೆ ಬೇಕಾಗುತ್ತದೆ. ಒಂದು ಒದ್ದೆಯ, ಬೆಚ್ಚಗಿನ ದಿನಕ್ಕೆ, ಇನ್ನೊಂದು ಒಣಗಿದ, ಹೆಪ್ಪುಗಟ್ಟುವ ದಿನಕ್ಕೆ. ಯಾವುದೆಂದು ಹಿಂದಿನ ಸಂಜೆ ತೀರ್ಮಾನಿಸಿ ತಿಳಿಸಬೇಕು. ಬ್ರಿಟನ್ನಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ, ಬೆಳಗ್ಗೆ ಮೈಯಲ್ಲಿ ಕಸುವಿರುವಾಗ ಗಾಳಿಗೆದುರಾಗಿ ಹೋಗಿ ಸಂಜೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಬರುವಂತೆ ದಾರಿ ಹೆಣೆಯುವುದು ಜಾಣತನ. ಇದಕ್ಕಿಂತ ಮುಖ್ಯವಾದದ್ದು, ದಾರಿ ಅಲ್ಲಲ್ಲಿ ರೈಲು ನಿಲ್ದಾಣವನ್ನು ಮುಟ್ಟಬೇಕು. ಬಿಟ್ಟುಬಿಡಲು ದಾರಿಯಿಲ್ಲದ ಕಡೆ ಜನ ಬಿಡಬೇಕಾದಾಗಲೂ ಬಿಡುವುದಿಲ್ಲ. 80ನೇ ಕಿ.ಮೀ.ಯಲ್ಲಿ ನಿಲ್ದಾಣ ಕಂಡವನು ವಿವೇಕದಿಂದ ಟಿಕೆಟ್ ಕೊಂಡಾನು, ಕಾಣದವನು ‘ಇನ್ನೇನು ಸ್ವಲ್ಪ’ ಎಂದುಕೊಂಡು ಮುಂದಿನ ಗುಡ್ಡ ಹತ್ತುತ್ತಾನೆ.

ಪಂಕ್ಚರ್ ವಿಚಾರಕ್ಕೆ ಬಂದರೆ, ಅಲ್ಲಿಯೂ ಚಳಿಗಾಲದ್ದೇ ಪಾರುಪತ್ಯ. ಹಕ್ಕಿಗಳು ಗೂಡುಕಟ್ಟುವ ಕಾಲವೆಂದು ಇಂಗ್ಲೆಂಡಿನ ರೈತರು ಮಾರ್ಚ್ ಒಂದರಿಂದ ಆಗಸ್ಟ್ ಕೊನೆಯವರೆಗೆ ಬೇಲಿ ಸವರುವಂತಿಲ್ಲ. ಹಾಗಾಗಿ ಸವರುವ ಕೆಲಸವೆಲ್ಲ ಚಳಿಗಾಲಕ್ಕೆ ಬೀಳುತ್ತದೆ, ಹಾಥಾರ್ನ್ ಗಿಡದ ಮುಳ್ಳೆಲ್ಲ ರಸ್ತೆಗೆ. ಮಳೆ ಹೊಲದಿಂದ ಚಕಮಕಿ ಕಲ್ಲಿನ ಚೂರುಗಳನ್ನು ತೊಳೆದು ತರುತ್ತದೆ, ಒದ್ದೆ ರಬ್ಬರನ್ನು ಅವು ಸಲೀಸಾಗಿ ಸೀಳುತ್ತವೆ. ಇಲ್ಲಿ ಹಗುರ ಟೈರಿನ ಮೋಹ ಬಿಟ್ಟು 28 ಅಥವಾ 32 ಮಿಲಿಮೀಟರಿನ, ಒಳಗೆ ಪಟ್ಟಿಯಿರುವ ದಪ್ಪ ಟೈರು ಹಾಕಿಸಿ ಎಂದು ಸಂಘಟಕರು ಹೇಳುವುದು ಸೈಕಲ್ಲಿನ ಮೇಲಿನ ಪ್ರೀತಿಗಲ್ಲ. ಪ್ರತಿ ಪಂಕ್ಚರೂ ಐದು ಜನರ ಹದಿನೈದು ಇಪ್ಪತ್ತು ನಿಮಿಷದ ನಡುಕ. ಮಡ್‌ಗಾರ್ಡಿನದೂ ಇದೇ ತರ್ಕ. ನನ್ನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡು ನನಗಿಂತ ಹೆಚ್ಚಾಗಿ ನನ್ನ ಹಿಂದಿರುವವರ ಮುಖವನ್ನು ಕಾಯುತ್ತದೆ. ಚಳಿಗಾಲದಲ್ಲಿ ಮಡ್‌ಗಾರ್ಡ್ ಇಲ್ಲದೆ ಬಂದವರನ್ನು ಸಾಲಿನ ಕೊನೆಗೆ ಅಟ್ಟುವ ಕ್ಲಬ್ಬುಗಳಿವೆ. ಸರಿಯಾದ ಕೆಲಸ.

ಹತ್ತುವಾಗಿನ ಬೆವರು, ಇಳಿಯುವಾಗಿನ ಚಳಿ ಏನು ಮಾಡಬಲ್ಲವು ಎಂಬುದಕ್ಕೆ 1988ರ ಜೂನ್ 5ಕ್ಕಿಂತ ಒಳ್ಳೆಯ ಪಾಠವಿಲ್ಲ. ಅಂದು ಜೀರೋ ಡಿ’ಇಟಾಲಿಯಾ ರೇಸು ಆಲ್ಪ್ಸ್‌ನ 2,621 ಮೀಟರ್ ಎತ್ತರದ ಗಾವಿಯಾ ಘಾಟಿಯನ್ನು ಹಿಮಪಾತದಲ್ಲಿ ದಾಟಿತು. ಎಲ್ಲರಿಗಿಂತ ಮುಂದೆ, ತುಂಡುತೋಳಿನ ಅಂಗಿಯಲ್ಲೇ ತುದಿ ಮುಟ್ಟಿದವನು ಡಚ್ ಸವಾರ ಯೋಹಾನ್ ವಾನ್ ದೆರ್ ವೆಲ್ಡೆ. ಹತ್ತುವಾಗ ಮೈ ಬಿಸಿಯಿತ್ತು. ಇಳಿಜಾರಿನಲ್ಲಿ ತುಳಿಯುವ ಕೆಲಸವಿಲ್ಲ, ಗಾಳಿ ಮಾತ್ರ ದುಪ್ಪಟ್ಟು. ದಾರಿಯಲ್ಲಿ ನಿಂತು ಮೈ ಕಾಯಿಸಿಕೊಳ್ಳಬೇಕಾಯಿತು, ಗುರಿ ತಲುಪುವಾಗ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದ. ಅಮೆರಿಕದ ಸೆವೆನ್-ಇಲೆವೆನ್ ತಂಡದವರು ಹವಾಮಾನದ ಸುದ್ದಿ ತಿಳಿದೊಡನೆ ಹತ್ತಿರದ ಸ್ಕೀ ಅಂಗಡಿಗಳಿಂದ ಉಣ್ಣೆಯ ಟೋಪಿ, ಕೈಗವಸು ಕೊಂಡು, ಸವಾರರ ಹೆಸರಿನ ಚೀಲಗಳಲ್ಲಿ ತುಂಬಿಸಿ, ಬಿಸಿ ಚಹಾದ ಜೊತೆ ಘಾಟಿಯ ಮೇಲ್ತುದಿಯ ಹತ್ತಿರ ಆಳುಗಳನ್ನು ನಿಲ್ಲಿಸಿದ್ದರು. ಆ ತಂಡದ ಆಂಡಿ ಹ್ಯಾಂಪ್‌ಸ್ಟನ್ ಅಂದು ರೇಸಿನ ಮುನ್ನಡೆಯ ಗುರುತಾದ ಗುಲಾಬಿ ಅಂಗಿ ಗೆದ್ದು ಕೊನೆಗೆ ಇಡೀ ರೇಸನ್ನೇ ಗೆದ್ದ. ದಿನದ ಹಂತ ಗೆದ್ದವನು ಎರಿಕ್ ಬ್ರೂಕಿಂಕ್. ಹ್ಯಾಂಪ್‌ಸ್ಟನ್ ಕಾಲುಗಳ ಬಗ್ಗೆ ಬರೆದವರು ಬಹಳ ಜನ. ಅಂಗಡಿಗೆ ಹೋಗಿ ಟೋಪಿ ಕೊಂಡವರ ಬಗ್ಗೆಯೂ ಅಷ್ಟೇ ಬರೆಯಬಹುದು.

ಒಣ ಬಟ್ಟೆ ಗುಡ್ಡದ ಬುಡದಲ್ಲಿದ್ದರೆ ಪ್ರಯೋಜನವಿಲ್ಲ, ತುದಿಯಲ್ಲಿರಬೇಕು. ಬೆಂಗಾವಲು ವ್ಯಾನು ಇರುವ ಸವಾರಿಗಳಲ್ಲಿ ವ್ಯಾನನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಗೆ ಇದೇ ಉತ್ತರ. ಬ್ರೆವೆಗಳಲ್ಲಾದರೋ ದಾರಿಯಲ್ಲಿ ಹಿಂದೆ ಬರುವ ವಾಹನಕ್ಕೆ ಅವಕಾಶವಿಲ್ಲ. ಸವಾರರು ಹಾದುಹೋದದ್ದನ್ನು ದಾಖಲಿಸುವ ನಿಯಂತ್ರಣ ಠಾಣೆಗಳಲ್ಲಿ ಮಾತ್ರ ನೆರವು ಪಡೆಯಬಹುದು. ಹಾಗಾಗಿ ಠಾಣೆ ಎಲ್ಲಿರಬೇಕೆಂಬುದೇ ಅಲ್ಲಿ ಸಂಘಟಕರ ಕೈಚಳಕ. ಬೇಸಿಗೆಯಲ್ಲಿ ‘ಚರ್ಚಿನ ಬಾಗಿಲ ಮೇಲೆ ಕೆತ್ತಿದ ವರ್ಷ ಯಾವುದು’ ಎಂಬಂಥ ಪ್ರಶ್ನೆ ಕೊಟ್ಟು, ಉತ್ತರವನ್ನು ಸವಾರರ ಬ್ರೆವೆ ಕಾರ್ಡಿನಲ್ಲಿ ಬರೆದರೆ ಅಲ್ಲಿಗೆ ಬಂದಿದ್ದಕ್ಕೆ ಸಾಕ್ಷಿ ಎನ್ನುವ ರೂಢಿಯಿದೆ. ಮಳೆಯಲ್ಲಿ ನಿಂತು, ಕೈಗವಸು ಬಿಚ್ಚಿ, ಒದ್ದೆ ಕಾರ್ಡಿನ ಮೇಲೆ ಪೆನ್ನು ಮೂಡದೆ ಒದ್ದಾಡುವುದನ್ನು ಒಮ್ಮೆ ಊಹಿಸಿಕೊಂಡರೆ ಸಾಕು. ಜನವರಿಯಲ್ಲಿ ಠಾಣೆಗೆ ಮಾಡು ಇರಬೇಕು. ಇಪ್ಪತ್ನಾಲ್ಕು ಗಂಟೆ ತೆರೆದಿರುವ ಪೆಟ್ರೋಲ್ ಬಂಕಿನ ಅಂಗಡಿ, ಸೂಪರ್ ಮಾರ್ಕೆಟ್ಟಿನ ಕೆಫೆ, ಹಳ್ಳಿಯ ಸಭಾಭವನ, ಯಾವುದಾದರೂ ಆಯಿತು. ಅಲ್ಲಿನ ರಸೀದಿಯೇ ಸಾಕ್ಷಿ.

ಕೆಫೆಯೆಂದರೆ ಮುಂಚೆಯೇ ಹೇಳಿಡಬೇಕು. ಹನ್ನೆರಡು ಕುರ್ಚಿಯ ಹಳ್ಳಿ ಕೆಫೆಗೆ ಮೂವತ್ತು ಜನ ಒಮ್ಮೆಲೇ ನುಗ್ಗಿದರೆ ಹದಿನೆಂಟು ಜನ ಹೊರಗೆ ನಡುಗುತ್ತ ಸರದಿ ಕಾಯುತ್ತಾರೆ. ಎಷ್ಟು ಗಂಟೆಗೆ ಮುಚ್ಚುತ್ತಾರೆಂದು ಕೇಳುವುದು ಇನ್ನೂ ಮುಖ್ಯ, ಏಕೆಂದರೆ ಚಳಿಗಾಲದಲ್ಲಿ ಹಳ್ಳಿಗಳ ಕೆಫೆಗಳು ನಾಲ್ಕಕ್ಕೆ ಬಾಗಿಲು ಹಾಕಿರುತ್ತವೆ, ಹಿಂದುಳಿದವರಿಗೆ ಬಿಸಿಯೂಟ ಅತಿ ಅಗತ್ಯವಾಗುವುದೂ ಆ ಹೊತ್ತಿಗೇ. ಸಭಾಭವನವನ್ನು ಬಾಡಿಗೆ ಹಿಡಿದು ತಾವೇ ಅಡುಗೆ ಮಾಡುವ ಸಂಘಟಕರು ಈ ತಲೆನೋವಿನಿಂದ ಪಾರು. ಟೋಸ್ಟಿನ ಮೇಲೆ ಬೇಯಿಸಿದ ಬೀನ್ಸು, ಸೂಪು, ಅಕ್ಕಿ ಪಾಯಸದಂಥ ರೈಸ್ ಪುಡ್ಡಿಂಗು, ಲೋಟಗಟ್ಟಲೆ ಚಹಾ. ಆ ಚಹಾ ನಮ್ಮ ನಾಲಿಗೆಗೆ ಸಪ್ಪೆ, ಆದರೆ ಅಲ್ಲಿ ಯಾರೂ ದೂರುವುದಿಲ್ಲ. ಚಳಿಯಲ್ಲಿ ಬಾಯಾರಿಕೆ ಅನ್ನಿಸದ ಕಾರಣ ಬಾಟಲಿಯ ನೀರು ಹಾಗೇ ಉಳಿದಿರುತ್ತದೆ, ಆದ್ದರಿಂದ ಠಾಣೆಯಲ್ಲಿ ಕುಡಿಸುವುದೂ ಸ್ವಯಂಸೇವಕರ ಕೆಲಸವೇ. ಕೂತು ಎಷ್ಟು ಹೊತ್ತಾಯಿತು ಎಂದು ನೆನಪಿಸುವುದು ಇನ್ನೊಂದು ಕೆಲಸ. ಅರ್ಧ ಗಂಟೆ ಮೀರಿದರೆ ಒದ್ದೆ ಬಟ್ಟೆ ಮತ್ತೆ ತಣ್ಣಗಾಗಿ, ಹೊರಬಿದ್ದ ಮೊದಲ ಹತ್ತು ನಿಮಿಷ ನರಕ. ಠಾಣೆಯ ಹೊರಗೇ ಸಣ್ಣ ಏರು ಸಿಗುವಂತೆ ದಾರಿ ಹಾಕುವ ಸಂಘಟಕರೇ ನಿಜವಾದ ಕಿಲಾಡಿಗಳು. ಹೊರಟೊಡನೆ ಮೈ ಬಿಸಿಯಾಗುತ್ತದೆ.

ಉಡುಪಿನ ವಿಷಯದಲ್ಲಿ ‘ತಂದರೆ ಒಳ್ಳೆಯದು’ ಮತ್ತು ‘ತರದಿದ್ದರೆ ಬಿಡುವುದಿಲ್ಲ’ ಎಂಬುದರ ನಡುವಿನ ಅಂತರ ಜೀವದ್ದಾಗಬಹುದು. 2021ರ ಮೇ 22ರಂದು ಚೀನಾದ ಗನ್ಸು ಪ್ರಾಂತ್ಯದಲ್ಲಿ ನಡೆದ 100 ಕಿ.ಮೀ. ಬೆಟ್ಟದ ಓಟದಲ್ಲಿ 172 ಓಟಗಾರರಿದ್ದರು. ಬೆಳಗ್ಗೆ ಹವೆ ಹಿತವಾಗಿತ್ತು, ಅನೇಕರು ಚಡ್ಡಿ, ತೆಳು ಅಂಗಿಯಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ಟು ಕಡ್ಡಾಯವಾಗಿರಲಿಲ್ಲ. ಎತ್ತರದಲ್ಲಿ ಆಲಿಕಲ್ಲು, ಮಳೆ, ಬಿರುಗಾಳಿ ಒಟ್ಟಿಗೆ ಎರಗಿದವು. 21 ಜನ ಸತ್ತರು. ಅವರಲ್ಲಿ ದೇಶದ ಅತ್ಯುತ್ತಮ ಓಟಗಾರರೂ ಇದ್ದರು. ಅದು ಸೈಕಲ್ ಅಲ್ಲ, ಚಳಿಗಾಲವೂ ಅಲ್ಲ. ಆದರೂ ಚಳಿಗಾಲದ ಸೈಕಲ್ ಸವಾರಿ ಏರ್ಪಡಿಸುವವರು ಮೊದಲು ಓದಬೇಕಾದ ಘಟನೆ ಅದೇ.

ನನ್ನನ್ನು ಕೇಳಿದರೆ ಕಡ್ಡಾಯಪಟ್ಟಿ ಚಿಕ್ಕದಾಗಿರಬೇಕು, ಆದರೆ ಹೊರಡುವ ಮುನ್ನ ಚೀಲ ಬಿಚ್ಚಿಸಿ ನೋಡಬೇಕು. ಮಳೆ ತಡೆಯುವ ಜಾಕೆಟ್ಟು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣ ಕೈಗವಸು. ತೀರಾ ಹಗುರವಾದ, ಬೆಳ್ಳಿಹಾಳೆಯಂಥ ತುರ್ತು ಹೊದಿಕೆ. ಎರಡು ಹಿಂದೀಪ, ಎರಡು ಟ್ಯೂಬು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಸೊನ್ನೆಯ ಹತ್ತಿರ ಫೋನು ಹೇಳದೆ ಕೇಳದೆ ಆರಿಹೋಗುವುದುಂಟು. ಅದನ್ನು ಹ್ಯಾಂಡಲ್ಲಿಗೆ ಸಿಕ್ಕಿಸದೆ ಅಂಗಿಯೊಳಗೆ, ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ದುಬಾರಿ ಉಡುಪಿನ ಜಾಹೀರಾತುಗಳ ಅಬ್ಬರದಲ್ಲಿ ಆ ಒಂದು ಜೊತೆ ಒಣ ಕೈಗವಸನ್ನು ಯಾರೂ ನೆನಪಿಸುವುದಿಲ್ಲ. ಬೆರಳು ಕೆಲಸ ಮಾಡದಿದ್ದರೆ ಬ್ರೇಕಿಲ್ಲ, ಗೇರಿಲ್ಲ, ಜೇಬಿನ ಜಿಪ್ಪು ತೆಗೆದು ತಿಂಡಿ ತಿನ್ನಲೂ ಆಗುವುದಿಲ್ಲ.

ಮೈಯೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೊಥರ್ಮಿಯಾ. ಇದರ ಕೆಡುಕೆಂದರೆ ಅದು ಮೊದಲು ಹಿಡಿಯುವುದು ಬುದ್ಧಿಯನ್ನು. ಹಾಗಾಗಿ ‘ನಾನು ಚೆನ್ನಾಗಿದ್ದೇನೆ’ ಎಂಬ ಸವಾರನ ಮಾತಿಗೆ ಬೆಲೆಯಿಲ್ಲ. ಮಾತು ತೊದಲುತ್ತಿದೆಯೇ, ಜೇಬಿನ ಜಿಪ್ಪಿನೊಡನೆ ಗುದ್ದಾಡುತ್ತಿದ್ದಾನೆಯೇ, ಸುಮ್ಮನೆ ಸಿಡುಕುತ್ತಿದ್ದಾನೆಯೇ ಎಂದು ಜೊತೆಯವರು ನೋಡಬೇಕು. ನಡುಗುತ್ತಿದ್ದವರ ನಡುಕ ಮೈ ಬೆಚ್ಚಗಾಗದೆಯೇ ನಿಂತರೆ ಅದು ಸುಧಾರಣೆಯಲ್ಲ, ತೀರಾ ಕೆಟ್ಟ ಸೂಚನೆ. ಒದ್ದೆ ಬಟ್ಟೆ ತೆಗೆದು, ಒಣಗಿದ್ದನ್ನು ಹೊದಿಸಿ, ಗಾಳಿಯಿಂದ ಮರೆಮಾಡಿ, ಎಚ್ಚರವಿದ್ದು ನುಂಗಬಲ್ಲವರಾದರೆ ಸಿಹಿಯಾದ ಬಿಸಿ ಪೇಯ ಕೊಟ್ಟು ಆಂಬುಲೆನ್ಸ್ ಕರೆಯಬೇಕು. ಕೈಕಾಲು ಉಜ್ಜುವುದು, ಬ್ರಾಂದಿ ಕೊಡುವುದು ಎರಡೂ ತಪ್ಪು. ಸಣ್ಣ ತಂಡಗಳ ನಿಜವಾದ ಲಾಭ ಇಲ್ಲಿದೆ. ಐದು ಜನರಲ್ಲಿ ಒಬ್ಬರ ಮುಖಚಹರೆ ಬದಲಾದರೆ ಗೊತ್ತಾಗುತ್ತದೆ, ನಲವತ್ತರಲ್ಲಿ ಗೊತ್ತಾಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಕಷ್ಟದ ಕೆಲಸ, ‘ಇವತ್ತು ಬೇಡ’ ಎನ್ನುವುದು. ಬ್ರಿಟನ್ನಿನ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ, 2015ರಿಂದ ಬಿರುಗಾಳಿಗಳಿಗೆ ಹೆಸರನ್ನೂ ಇಡುತ್ತಿದೆ. 2021ರ ನವೆಂಬರಿನ ಆರ್ವೆನ್, 2024ರ ಡಿಸೆಂಬರ್ 7ರ ಡ್ಯಾರಾ ಕೆಂಪು ಎಚ್ಚರಿಕೆಯವು. ಕೆಂಪಾದರೆ ಯೋಚಿಸುವುದೇನೂ ಇಲ್ಲ. ತೊಡಕಿರುವುದು ಹಳದಿಯಲ್ಲಿ. ಚಳಿಗಾಲದಲ್ಲಿ ಹಳದಿ ಆಗಾಗ ಬರುವಂಥದು, ಪ್ರತಿ ಹಳದಿಗೂ ಹೆದರಿದರೆ ಸವಾರಿಯೇ ಇಲ್ಲ. ಹಾಗಾಗಿ ಮಿತಿಗಳನ್ನು ತಿಂಗಳ ಮುಂಚೆ, ಮನಸ್ಸು ತಣ್ಣಗಿರುವಾಗ ಬರೆದಿಡಬೇಕು. ಗಾಳಿಯ ಬೀಸು ಇಷ್ಟು ದಾಟಿದರೆ ಇಲ್ಲ, ಬೆಳಗಿನ ಐದಕ್ಕೆ ರಸ್ತೆಯ ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದರೆ ಎರಡು ಗಂಟೆ ತಡ, ಒಂಬತ್ತಕ್ಕೂ ಹಾಗೇ ಇದ್ದರೆ ರದ್ದು. ತೀರ್ಮಾನ ಯಾರದು ಎಂಬುದನ್ನೂ ಬರೆದಿಡಬೇಕು, ಒಬ್ಬರ ಹೆಸರು ಮಾತ್ರ. ಐದು ಜನರ ಸಮಿತಿ ಮುಂಜಾನೆ ಫೋನಿನಲ್ಲಿ ಚರ್ಚೆಗೆ ಕೂತರೆ ಅತಿ ಉತ್ಸಾಹಿಯ ಮಾತೇ ಗೆಲ್ಲುತ್ತದೆ. ಬದಲಿ ದಿನಾಂಕವನ್ನು ಮೊದಲೇ ಪ್ರಕಟಿಸಿದರೆ ಮುಂದೂಡುವುದು ಸೋಲೆನ್ನಿಸುವುದಿಲ್ಲ. ಹಣ ಕೂಡಿಸುವ ಸವಾರಿಗಳಲ್ಲಿ ಇದು ಇನ್ನೂ ಸೂಕ್ಷ್ಮ. ದಾನಿಗಳು ಕೊಟ್ಟಾಗಿದೆ, ಪತ್ರಿಕೆಯವರು ಬರುತ್ತಾರೆ, ಊರಿನ ಮೇಯರ್ ಬಾವುಟ ಬೀಸಲು ಸಿದ್ಧ. ಅವರಿಗೆಲ್ಲ ಬದಲಿ ದಿನಾಂಕವನ್ನು ಆಮಂತ್ರಣದಲ್ಲೇ ಅಚ್ಚು ಹಾಕಿಸಬೇಕು.

ವೃತ್ತಿಪರ ರೇಸುಗಳೂ ಇದನ್ನು ಕಲಿತದ್ದು ತಡವಾಗಿ. 1980ರ ಲಿಯೇಜ್-ಬಾಸ್ತೋನ್-ಲಿಯೇಜ್ ರೇಸಿನಲ್ಲಿ ಹಿಮ ಸುರಿದು, ಹೊರಟ 174 ಜನರಲ್ಲಿ ಗುರಿ ಮುಟ್ಟಿದವರು 21. ಗೆದ್ದ ಬರ್ನಾರ್ ಇನೋನ ಎರಡು ಬೆರಳುಗಳ ಜೋಮು ಶಾಶ್ವತವಾಗಿ ಉಳಿಯಿತು. ಅದನ್ನು ಇಂದಿಗೂ ವೀರಗಾಥೆಯೆಂದೇ ಹೇಳುತ್ತಾರೆ. 2013ರ ಮಿಲಾನ್-ಸಾನ್ ರೆಮೋ ರೇಸಿನಲ್ಲಿ ಹಿಮ ಬಿದ್ದಾಗ ಸಂಘಟಕರು ಸವಾರರನ್ನು ಬಸ್ಸಿಗೆ ಹತ್ತಿಸಿ, ಘಟ್ಟ ದಾಟಿಸಿ, ಆಚೆ ಕಡೆಯಿಂದ ಮತ್ತೆ ರೇಸು ಬಿಟ್ಟರು. ಬಸ್ಸಿನ ರೇಸೆಂದು ನಕ್ಕವರಿದ್ದರು. ಕೆಲವೇ ವರ್ಷಗಳಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ಕೆಟ್ಟ ಹವೆಗೆಂದು ನಿಯಮಾವಳಿ ತಂದಿತು. 2025ರ ಆಗಸ್ಟಿನಲ್ಲಿ, ನಡುಬೇಸಿಗೆಯಲ್ಲೇ, 1,500 ಕಿ.ಮೀ.ಗೂ ಮಿಕ್ಕಿದ ಲಂಡನ್-ಎಡಿನ್‌ಬರೋ-ಲಂಡನ್ ಸವಾರಿಗೆ ಫ್ಲೋರಿಸ್ ಬಿರುಗಾಳಿ ಅಡ್ಡ ಬಂದಾಗ ಸಂಘಟಕರು ಸವಾರಿಯನ್ನು ನಿಲ್ಲಿಸಿಬಿಟ್ಟರು. ನಾಲ್ಕು ವರ್ಷಕ್ಕೊಮ್ಮೆ ಬರುವ, ಜಗತ್ತಿನ ಮೂಲೆಮೂಲೆಯಿಂದ ಜನ ವಿಮಾನ ಹತ್ತಿ ಬಂದ ಸವಾರಿಯದು. ಆ ತೀರ್ಮಾನ ತೆಗೆದುಕೊಂಡವರ ಎದೆಗಾರಿಕೆಯನ್ನು ನಾನು ಇನೋನ ಬೆರಳುಗಳಿಗಿಂತ ಮೇಲೆ ಇಡುತ್ತೇನೆ.

ಕಾಯುವಿಕೆಯನ್ನೇ ಇಲ್ಲವಾಗಿಸುವ ಒಂದು ಉಪಾಯವೂ ಇದೆ: ಸರದಿ. ಬಿಬಿಸಿಯ ‘ಚಿಲ್ಡ್ರನ್ ಇನ್ ನೀಡ್’ ನಿಧಿಗಾಗಿ 2011ರಲ್ಲಿ ಟಿವಿ ನಿರೂಪಕ ಮ್ಯಾಟ್ ಬೇಕರ್ ಎಡಿನ್‌ಬರೋದಿಂದ ಲಂಡನ್ನಿಗೆ ನವೆಂಬರಿನ ಮಳೆಗಾಳಿಯಲ್ಲಿ ಪೆಡಲ್ ರಿಕ್ಷಾ ತುಳಿದ. ಮುಂದಿನ ವರ್ಷಗಳಲ್ಲಿ ಹದಿಹರೆಯದವರ ತಂಡವೊಂದು ಸರದಿಯ ಮೇಲೆ ತುಳಿಯುವ ಪದ್ಧತಿ ಬಂತು. ಒಬ್ಬರು ತುಳಿಯುವಾಗ ಮಿಕ್ಕವರು ಬೆಂಗಾವಲು ವಾಹನದಲ್ಲಿ ಬೆಚ್ಚಗಿರುತ್ತಾರೆ. ದೂರದ ದಾನಸವಾರಿ ಮಾಡಹೊರಟ, ಅನುಭವ ಕಡಿಮೆಯಿರುವ ಗುಂಪುಗಳಿಗೆ ನಾನು ಸೂಚಿಸುವುದು ಇದನ್ನೇ. ಎಲ್ಲರೂ ಎಲ್ಲ ದೂರವನ್ನೂ ತುಳಿಯಲೇಬೇಕೆಂಬ ಹಟದಲ್ಲಿ ಅಹಂಕಾರದ ಪಾಲೂ ಸಾಕಷ್ಟಿದೆ.

ನಮ್ಮಲ್ಲಿ ಹಿಮವಿಲ್ಲ, ಈ ಪಾಠ ನಮಗೇಕೆ ಎನ್ನುವವರು ಊಟಿಯ ಡಿಸೆಂಬರನ್ನು ನೆನೆಯಬಹುದು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಹೆಚ್ಚಾಗಿ ಡಿಸೆಂಬರಿನಲ್ಲೇ ನಡೆದು ಬಂದಿದೆ. ಮಸಿನಗುಡಿಯಿಂದ 36 ಕಡಿದಾದ ತಿರುವುಗಳ ಕಲ್ಹಟ್ಟಿ ಘಾಟಿ ಹತ್ತುವಾಗ ಬೆವರಿಳಿಯುತ್ತದೆ, ಮೇಲೆ ನಿಂತರೆ ಥಂಡಿ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಬಂಗಾಳಕೊಲ್ಲಿಯ ಚಂಡಮಾರುತಗಳು ಬೇರೆ. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಬಳಿ ದಡ ಸೇರಿದ ಮೇಲೆ ಬೆಂಗಳೂರಿನಲ್ಲೂ ದಿನಗಟ್ಟಲೆ ಜಿಟಿಜಿಟಿ, ಸ್ವೆಟರ್ ಚಳಿ. 12 ಡಿಗ್ರಿಯಲ್ಲಿ ತೊಯ್ದು, ಗಾಳಿಗೆ ಮೈಯೊಡ್ಡಿ ಇಪ್ಪತ್ತು ಕಿ.ಮೀ. ಘಾಟಿ ಇಳಿದರೂ ಹೈಪೊಥರ್ಮಿಯಾ ಹಿಡಿಯಬಲ್ಲದು. ಬೇಕಾದ್ದು ಹಿಮವಲ್ಲ, ಒದ್ದೆ ಮತ್ತು ಗಾಳಿ. ಬ್ರೆವೆಗಳ ವರ್ಷ ನವೆಂಬರ್ ಒಂದಕ್ಕೆ ಶುರುವಾಗುವುದರಿಂದ ನಮ್ಮ ಸವಾರರ ದೊಡ್ಡ ಸವಾರಿಗಳು ಬೀಳುವುದೂ ಈ ತಿಂಗಳುಗಳಲ್ಲೇ. ಉತ್ತರ ಭಾರತದ ಸಂಘಟಕರಿಗೆ ಚಳಿಗಿಂತ ಮಂಜಿನ ಚಿಂತೆ. ಹತ್ತು ಮೀಟರ್ ಮುಂದಿನ ಲಾರಿ ಕಾಣದ ಹೆದ್ದಾರಿಯಲ್ಲಿ ಯಾವ ಜಾಕೆಟ್ಟೂ ಕಾಪಾಡುವುದಿಲ್ಲ, ಹೊರಡುವ ಹೊತ್ತನ್ನು ಬಿಸಿಲೇರುವವರೆಗೆ ತಳ್ಳುವುದೊಂದೇ ದಾರಿ.

ಗುರಿ ತಲುಪಿದವರನ್ನು ಎಣಿಸುವುದು ಸುಲಭ. ರಾತ್ರಿ ಒಂಬತ್ತಕ್ಕೆ ಸಭಾಭವನದಲ್ಲಿ ಸಂಘಟಕರ ಕಣ್ಣು ಬಾಗಿಲ ಮೇಲಿರುವುದು ತಲುಪದವರಿಗಾಗಿ. ಕಾಲಮಿತಿ ಮುಗಿದಿದೆ, ಪಟ್ಟಿಯಲ್ಲಿ ಮೂರು ಹೆಸರಿಗೆ ಗುರುತಿಲ್ಲ, ಫೋನು ಎತ್ತುವವರಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅವರು ಮಧ್ಯಾಹ್ನವೇ ರೈಲು ಹಿಡಿದು ಮನೆ ಸೇರಿ, ಬಿಸಿನೀರು ಸ್ನಾನ ಮಾಡಿ, ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಅಂಥವರಿಗಾಗಿ ಯಾರೋ ಸ್ವಯಂಸೇವಕರು ಕಾರಿನಲ್ಲಿ ಅರವತ್ತು ಕಿ.ಮೀ. ಕತ್ತಲ ರಸ್ತೆಯಲ್ಲಿ ಚರಂಡಿ ಚರಂಡಿಗೆ ಟಾರ್ಚು ಬಿಡುತ್ತ ಹೋಗಬೇಕಾಗುತ್ತದೆ. ಆದ್ದರಿಂದ ಕಾರ್ಡಿನ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಇರಬೇಕಾದದ್ದು ಸಂಘಟಕರ ಫೋನ್ ನಂಬರು, ಅದರ ಕೆಳಗೆ ‘ಬಿಟ್ಟರೆ ತಿಳಿಸಿ’ ಎಂಬ ಎರಡು ಪದ. ತಿಳಿಸದೆ ಮನೆಗೆ ಹೋದವರ ಹೆಸರನ್ನು ಮುಂದಿನ ಸವಾರಿಗೆ ತೆಗೆದುಕೊಳ್ಳಬಾರದು, ಅವರು ಎಷ್ಟೇ ಗಟ್ಟಿ ಸವಾರರಾಗಿದ್ದರೂ.